ನೋವಿನ ಗುಳಿಗಿಯ ದವಾಖಾನೆ

ಆದವಾನಿಯ ಹತ್ತಿ ಮಾರ್ಕೆಟ್ಟಿನ ಹಿಂದಿನ ಸಣ್ಣ ದವಾಖಾನೆಯಲ್ಲಿ ನಾನು ಇಪ್ಪತ್ತಾರು ವರ್ಷ ಕಾಂಪೌಂಡರ್ ಆಗಿದ್ದೆ. ಸೊಂಟ, ಮೊಣಕಾಲು ಹಿಡಿದುಕೊಂಡು ಬರುವವರೇ ಹೆಚ್ಚು. ನೋವಿನ ಗುಳಿಗೆ ಎಂದರೆ ಅವರಿಗೆ ಪ್ರಾಣ, ನಮ್ಮ ಡಾಕ್ಟರಿಗೆ ಭಯ. ಹಾಗಾಗಿ ನಗೆಗೆ ಬರ ಇರಲಿಲ್ಲ. ಹೋದ ವರ್ಷ ಡಾಕ್ಟರು ವಯಸ್ಸಾಯಿತೆಂದು ಬಾಗಿಲು ಹಾಕಿದರು. ಈಗಲೂ ಆ ದಾರಿಯಲ್ಲಿ ಹೋದರೆ ಮುಚ್ಚಿದ ಬಾಗಿಲ ಮುಂದೆ ಒಂದು ಗಳಿಗೆ ನಿಂತು ಒಬ್ಬನೇ ನಗುತ್ತೇನೆ.

ಮೂರು ಬಣ್ಣ

ಜಿನ್ನಿಂಗ್ ಮಿಲ್ಲಿನಲ್ಲಿ ಹತ್ತಿ ಆರಿಸುವ ಅಮ್ಮ ಒಬ್ಬಾಕೆ, ಒಂದು ಕೈಯಲ್ಲಿ ಸೊಂಟ ಹಿಡಿದುಕೊಂಡೇ, ಹೊಟ್ಟೆ ಉರಿಯುತ್ತದೆ ಎಂದು ಬಂದಳು.

"ಸೊಂಟನೋವಿಗೆ ಏನು ತಗೊಂತೀಯಮ್ಮಾ?" ಎಂದರು ಡಾಕ್ಟರು.

ಆಕೆ ಸೆರಗಿನ ಗಂಟು ಬಿಚ್ಚಿ ಗುಲಾಬಿ, ಬಿಳಿ, ಹಳದಿ ಗುಳಿಗೆಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟಳು. ಮೂರು ಅಂಗಡಿಯವು. ದಿನಾ ಮೂರನ್ನೂ ನುಂಗುತ್ತಿದ್ದಳು.

"ಹೆಸರು ಬ್ಯಾರೆ, ಬಣ್ಣ ಬ್ಯಾರೆ. ಮೂರರಾಗೂ ಒಂದ ಔಷಧಿ ಐತಿ. ಅದಕ್ಕ ಹೊಟ್ಟಿ ಸುಡಾಕತ್ತೈತಿ" ಎಂದರು ಡಾಕ್ಟರು.

"ಹಂಗನ್ರಿ ಮತ್ತ! ಮೂರೂ ಒಂದ ಮನಿ ಅಣ್ಣತಮ್ಮಂದಿರು. ಅವ ಮಾಡ್ತಾನಂತ ಇವ, ಇವ ಮಾಡ್ತಾನಂತ ಅವ ಸುಮ್ನ ಕುಂತಾರ. ಸೊಂಟನೋವು ಎಲ್ಲಿಂದ ಹೋಗ್ಬೇಕು?"

ಎರಡು ಮಂದು

ಡಾಕ್ಟರ ಮಾತು ಅರ್ಧ ಕನ್ನಡ, ಅರ್ಧ ತೆಲುಗು. ತೆಲುಗಿನಲ್ಲಿ ಔಷಧಿಗೂ 'ಮಂದು', ಸಾರಾಯಿಗೂ 'ಮಂದು'. ಹತ್ತಿ ಬೇಲು ಹೊತ್ತು ಸಂಜೆಯಾದರೆ ಕುಡಿಯುವ ಹಮಾಲಿಯೊಬ್ಬನಿಗೆ ನೋವಿನ ಗುಳಿಗೆ ಕೊಟ್ಟು, "ಎರಡೂ ಕೂಡಿದರ ಹೊಟ್ಟ್ಯಾಗ ಹುಣ್ಣಾಗಿ ರಕ್ತ ಹೋಗ್ತೈತಿ. ಮಂದು ಮಾನೆಯ್ಯಿ, ಬಿಟ್ಟುಬಿಡು!" ಎಂದು ಗದರಿಸಿ ಕಳಿಸಿದರು. ವಾರ ಬಿಟ್ಟು ಬಂದ. ಬಾಗಿಲಲ್ಲೇ ಸಾರಾಯಿ ವಾಸನೆ ಹೊಡೆಯಿತು.

"ಬಿಡು ಅಂದಿದ್ನಲ್ಲೋ!"

"ಬಿಟ್ಟೀನ್ರಿ ಸಾರ್" ಎಂದು ಜೇಬಿನಿಂದ ಗುಳಿಗೆಯ ಶೀಟು ತೆಗೆದು ಕೊಟ್ಟ. ಒಂದೂ ಖರ್ಚಾಗಿರಲಿಲ್ಲ. "ಯಾವ ಮಂದು ಅಂತ ನೀವು ಹೇಳ್ಲಿಲ್ಲ. ನೋವಿಗೆ ಯಾವುದು ಜಲ್ದಿ ಹತ್ತತೈತಿ ನೋಡಿ, ಅದನ್ನ ಇಟ್ಕೊಂಡೆ."

ಕುರಿ ಹಿಂದ

ಹೊಳಗುಂದ ಕಡೆಯ ಕುರಿಗಾರನೊಬ್ಬ ಮೊಣಕಾಲು ನೋವಿಗೆ ಎರಡು ವರ್ಷ ಯಾರನ್ನೂ ಕೇಳದೆ ಗುಳಿಗೆ ನುಂಗಿದ್ದ. ಪಾದ ಊದಿದ ಮೇಲೆ ಹೆಂಡತಿ ಎಳೆದುಕೊಂಡು ಬಂದಳು. ರಕ್ತಪರೀಕ್ಷೆಯ ಕಾಗದ ನೋಡಿ ಡಾಕ್ಟರ ಮುಖ ಸಣ್ಣದಾಯಿತು.

"ಇನ್ನೂ ನುಂಗಿದರ ಕಿಡ್ನಿ ಹೋಗ್ತಾವ."

"ಕುರಿ ಹಿಂದ ಅಡ್ಡಾಡಾಕ ಕಿಡ್ನಿ ಬೇಕೋ, ಮೊಣಕಾಲು ಬೇಕೋ, ನೀವ ಹೇಳ್ರಿ?"

ಡಾಕ್ಟರು ಪೆನ್ನು ಕೆಳಗಿಟ್ಟರು. ಅವನು ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಆ ಗುಳಿಗೆಯಿಂದಲೇ ಅವನು ನಡೆದಿದ್ದ, ಅವನು ನಡೆದಿದ್ದಕ್ಕೇ ಮನೆ ನಡೆದಿತ್ತು. ಅರ್ಧ ತಾಸು ಮಾತಾಡಿದರು. ಕೊನೆಗೆ ಹೆಂಡತಿಯೇ, "ಕುರಿ ನಾ ಕಾಯ್ತೀನ್ರಿ. ಈತ ಉಳೀಲಿ" ಎಂದಳು. ನಾನು ಮುಖ ತಿರುಗಿಸಿಕೊಂಡು ಸುಮ್ಮನೆ ಸೀಸೆ ಒರೆಸಿದೆ.

ಆರು ತಿಂಗಳಿಗೆ ಇಬ್ಬರೂ ಬಂದರು. ಅವನ ಊತ ಇಳಿದಿತ್ತು, ರಕ್ತಪರೀಕ್ಷೆಯೂ ಸುಧಾರಿಸಿತ್ತು. ಈಗ ಕುರಿ ಹಿಂದೆ ಅಡ್ಡಾಡಿ ಕೋಲು ಊರಿಕೊಂಡು ಕುಂಟುತ್ತಿದ್ದವಳು ಆಕೆ.

"ಸಾರ್, ನನಗ ಒಂದು ನೋವಿನ ಗುಳಿಗಿ ಬರೀರಿ."

ಡಾಕ್ಟರು ಬಾಯಿ ತೆರೆಯುವ ಮೊದಲೇ ಕುರಿಗಾರ ಎದ್ದು ನಿಂತ. "ಬರೀಬ್ಯಾಡ್ರಿ ಸಾರ್! ಆಕಿಗೆ ಗೊತ್ತಾಗಂಗಿಲ್ಲ. ಕಿಡ್ನಿ ಹೋಗ್ತಾವ!"

ಆಕೆ ಸಿಟ್ಟಾಗಲಿಲ್ಲ. ಕೋಲನ್ನು ತೆಗೆದು ಅವನ ಕೈಗೆ ಕೊಟ್ಟಳು.

"ಆತು ಮಾವಾ. ನನ್ನ ಕಿಡ್ನಿ ಮನ್ಯಾಗ ಇರ್ಲಿ, ನಿನ್ನ ಮೊಣಕಾಲು ಅಡವಿಗೆ ಹೋಗ್ಲಿ."