ಕಟ್ಟೆಯ ಮಟ್ಟ, ಸಂಪಿನ ತಳ

ದೂರದ್ದನ್ನು ತಲೆಗೆ ಹಚ್ಚಿಕೊಳ್ಳುವುದರಲ್ಲಿ ನನ್ನನ್ನು ಮೀರಿಸುವವರು ಮದ್ದೂರಿನಲ್ಲಿ ಇಲ್ಲ ಎಂದು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಭೂಗೋಳದ ಮೇಷ್ಟ್ರಾಗಿ ನಿವೃತ್ತನಾದವನು, ಅದೂ ಒಂದು ಕಾರಣವಿರಬಹುದು. ಮಳೆಗಾಲ ಬಂತೆಂದರೆ ಫೋನಿನಲ್ಲಿ ಕನ್ನಂಬಾಡಿ ಕಟ್ಟೆಯ ನೀರಿನ ಮಟ್ಟ ನೋಡದೆ ನನಗೆ ಕಾಫಿ ಇಳಿಯುವುದಿಲ್ಲ. ಒಳಹರಿವು, ಹೊರಹರಿವು, ಕೊಡಗಿನ ಮೋಡ ಎಲ್ಲ ಬಾಯಿಪಾಠ. ನನಗೆ ಒಂದು ಗುಂಟೆ ಗದ್ದೆಯೂ ಇಲ್ಲ ಅನ್ನುವುದು ಬೇರೆ ಮಾತು. ಪಕ್ಕದ ಮನೆಯ ಚಿಕ್ಕಣ್ಣ ದಿನಾ ಗೇಟಿನಲ್ಲಿ ನಿಂತು, "ಮೇಷ್ಟ್ರೆ, ಕಟ್ಟೆ ಎಷ್ಟಾಯ್ತು?" ಎನ್ನುತ್ತಾನೆ. ನಾನೇ ಕಟ್ಟೆಯ ಬಾಗಿಲು ತೆಗೆದು ನೀರು ಬಿಡುವವನ ಹಾಗೆ ಗಂಭೀರವಾಗಿ ಉತ್ತರಿಸುತ್ತೇನೆ.

ನನ್ನ ಹೆಂಡತಿ ಜಯಮ್ಮನಿಗೆ ಇದಾವುದೂ ಬೇಡ. ನಮ್ಮ ಬೀದಿಗೆ ನಲ್ಲಿ ನೀರು ಬರುವುದು ಮೂರು ದಿನಕ್ಕೊಮ್ಮೆ. ಅವಳ ಗಮನವೆಲ್ಲ ಅಂಗಳದ ಸಂಪಿನ ಮೇಲೆ. ಮುಚ್ಚಳ ತಟ್ಟಿ, ಸದ್ದಿನಲ್ಲೇ ನೀರೆಷ್ಟಿದೆ ಎಂದು ಹೇಳಿಬಿಡುತ್ತಾಳೆ. ಸಂಪು ತುಂಬಿದ ದಿನ ಅವಳ ಮುಖ ನೋಡಬೇಕು, ಮಗಳ ಮದುವೆ ಮುಗಿಸಿ ಕೂತವಳ ಹಾಗೆ ಇರುತ್ತದೆ.

ಕಳೆದ ತಿಂಗಳು ಅವಳು ಬೆಸಗರಹಳ್ಳಿಯ ತಂಗಿ ಮನೆಗೆ ಹೊರಟಾಗ ನನಗೆ ಒಂದೇ ಕೆಲಸ ಹೇಳಿದಳು. "ನಾಳೆ ಬೆಳಿಗ್ಗೆ ನೀರು ಬತ್ತದೆ. ಸಂಪಿನ ವಾಲ್ವು ತಿರುಗ್ಸಿ, ಅಷ್ಟೆ. ಮಧ್ಯಾನ ಕೆರಗೋಡಿಂದ ನಮ್ಮಣ್ಣ ಊಟಕ್ ಬತ್ತಾನೆ, ಮರ್ತುಬುಟ್ಟೀರ." ಅಣ್ಣ ಆಪರೇಷನ್ ಆದ ಮೇಲೆ ಮೊದಲ ಸಲ ಊರು ಬಿಟ್ಟು ಬರುತ್ತಿದ್ದ. ಮಾರನೆಯ ದಿನ ನೀರು ಬಂತು. ಆಗ ನಾನೂ ಚಿಕ್ಕಣ್ಣನೂ ಕಟ್ಟೆ ಈ ವಾರ ತುಂಬುತ್ತದೋ ಇಲ್ಲವೋ ಎಂದು ಗೇಟಿನಲ್ಲಿ ವಾದಕ್ಕೆ ಬಿದ್ದಿದ್ದೆವು. ವಾದ ಮುಗಿಯುವ ಹೊತ್ತಿಗೆ ನಲ್ಲಿ ನಿಂತಿತ್ತು.

ಹತ್ತು ಗಂಟೆಗೆ ಜಯಮ್ಮ ಬಂದವಳೇ ಮುಚ್ಚಳ ತಟ್ಟಿದಳು. ಬೈಗುಳಕ್ಕೆ ತಯಾರಾಗಿ ನಿಂತೆ. "ಕಟ್ಟೆ ತುಂಬ್ತಾ?" ಎಂದಷ್ಟೇ ಕೇಳಿ, ಸೆರಗು ಸಿಕ್ಕಿಸಿ, ಎದುರು ಮನೆಯ ನೂರ್‌ಜಹಾನಮ್ಮನ ಬೋರ್‌ವೆಲ್ಲಿಗೆ ಕೊಡ ಹಿಡಿದು ಹೊರಟಳು. ನನ್ನ ಕೈಗೂ ಒಂದು ಕೊಟ್ಟಳು. ಟಿಎಂಸಿ ಲೆಕ್ಕದಲ್ಲಿ ನೀರನ್ನು ಬಲ್ಲ ನನಗೆ ಒಂದು ಕೊಡದ ಭಾರ ಗೊತ್ತಿರಲಿಲ್ಲ. ಎರಡನೆಯ ಸಲಕ್ಕೇ ಸೊಂಟ ಹಿಡಿದು ಜಗಲಿಯ ಮೇಲೆ ಕೂತೆ. ಅವಳು ಉಳಿದದ್ದನ್ನೆಲ್ಲ ಹೊತ್ತು, ಬಸ್ಸಾರು ಮಾಡಿ, ಮುದ್ದೆ ಕಟ್ಟಿ, ಅಣ್ಣ ಬರುವಷ್ಟರಲ್ಲಿ ತಲೆ ಬಾಚಿ ನಿಂತಿದ್ದಳು.

ಊಟದ ನಡುವೆ ಆತ, "ಬಾವ, ಕಟ್ಟೇಲಿ ನೀರೆಷ್ಟದೆ?" ಎಂದ.

"ಅದ್ನ ಕೇಳಣ್ಣ, ಬಾಯಲ್ಲೇ ಅದೆ. ಸಂಪಿಂದು ಮಾತ್ರ ಕೇಳ್ಬ್ಯಾಡ," ಎಂದಳು ಜಯಮ್ಮ. ಆತ ನಗುತ್ತಲೇ ಎರಡನೆಯ ಮುದ್ದೆಗೆ ಕೈಹಾಕಿದ. ಅಣ್ಣ ಉಣ್ಣುವುದನ್ನೇ ನೋಡುತ್ತ ನಿಂತ ಅವಳಿಗೆ ಆ ಹೊತ್ತಿನಲ್ಲಿ ಇನ್ನೇನೂ ಬೇಕಿರಲಿಲ್ಲ. ನನಗೆ ಅವಳ ಮೇಲೆ ಹೆಮ್ಮೆಯೆನಿಸಿತು, ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು.

ಮುಂದಿನ ಸಲ ನೀರು ಬಂದಾಗ ನಾನೇ ವಾಲ್ವು ತಿರುಗಿಸಿ, ಫೋನು ಒಳಗಿಟ್ಟು, ಸಂಪಿನ ಪಕ್ಕ ಕುರ್ಚಿ ಹಾಕಿ ಕೂತೆ. ನೀರು ಬೀಳುವ ಸದ್ದಿಗೆ ಮನಸ್ಸು ಎಷ್ಟು ಹಗುರವಾಯಿತೆಂದರೆ, ಆ ಸುಖವನ್ನು ಯಾರಿಗಾದರೂ ಹೇಳಲೇಬೇಕು ಅನ್ನಿಸಿತು. ಸೊಪ್ಪಿನವಳು ಬಂದಳು. ಗೇಟಿಗೆ ಹೋಗಿ, "ಕಣ್ಮುಂದೆ ಇರೋದನ್ನ ನೋಡ್ಕೊಂಡು ಬದುಕಬೇಕು ಕಣಮ್ಮ" ಎಂದು ಶುರುಮಾಡಿ ಬಹಳ ಹೊತ್ತು ವಿವರಿಸಿದೆ.

"ಅದಿರ್ಲಿ ಮೇಷ್ಟ್ರೆ, ಸೊಪ್ಪು ಬೇಕಾ ಬ್ಯಾಡ್ವಾ?" ಎಂದಳು.

ತಿರುಗಿ ನೋಡುತ್ತೇನೆ, ಸಂಪು ಉಕ್ಕಿ ಅಂಗಳವೆಲ್ಲ ನೀರು. ಜಯಮ್ಮ ಆಗಲೇ ವಾಲ್ವು ನಿಲ್ಲಿಸಿ, ಪೊರಕೆ ಹಿಡಿದು, ಹರಿದ ನೀರಿನಲ್ಲೇ ಖುಷಿಯಾಗಿ ಅಂಗಳ ತೊಳೆಯುತ್ತ ನನ್ನ ಕಾಲ ಬುಡದವರೆಗೂ ಬಂದಿದ್ದಳು.

"ವಸಿ ಪಕ್ಕಕ್ ನಿಂತ್ಕಳಿ," ಎಂದಳು, "ನೀವ್ ನಿಂತಿರೋ ಜಾಗ ಒಂದೇ ಬಾಕಿ ಇರೋದು."