ಕಿವಿ ಕಾಣುವ ಕಟಿಂಗ್

ಅಪ್ಪ: ಓದಿಲ್ಲ ಮೇಡಂ. ಓದೋ ಅಗತ್ಯ ಏನಿದೆ? ಆ ಪುಸ್ತಕ ಕಪಾಟಿಂದ ಇಳೀಬೇಕು, ಅಷ್ಟೇ.

ಮೇಡಂ: ಓದದೇ ಇರೋ ಪುಸ್ತಕದ ಮೇಲೆ ದೂರು ತಗೊಳ್ಳೋಕೆ ಬರಲ್ಲ. ಯಾವ ಪುಟ, ಯಾವ ಸಾಲಿಂದ ನಿಮಗೆ ತೊಂದರೆ ಆಯ್ತು ಅಂತ ಬರೆದುಕೊಡಬೇಕು.

ಅಪ್ಪ: ಬರೆಯೋದೇನು ಬಂತು, ತೊಂದರೆ ಇಲ್ಲೇ ನಿಂತಿದೆಯಲ್ಲ. ನೋಡಿ.

ಶಾಲೆ ಬಿಟ್ಟು ಅರ್ಧ ಗಂಟೆಯಾಗಿತ್ತು. ಗ್ರಂಥಾಲಯದಲ್ಲಿ ಅದನ್ನು ನೋಡಿಕೊಳ್ಳುವ ಮೇಡಂ ಸೇರಿ ಇದ್ದವರು ಮೂವರೇ. ದೂರು ತಂದವನು ಶಾಲೆಯ ಎದುರು ರಸ್ತೆಯಲ್ಲಿ ಕಟಿಂಗ್ ಶಾಪ್ ಇಟ್ಟವನು. ಅಂಗಡಿಯಿಂದ ನೆಟ್ಟಗೆ ಎದ್ದು ಬಂದಿದ್ದರಿಂದ ಜೇಬಿನಲ್ಲಿ ಬಾಚಣಿಗೆ, ಕತ್ತರಿ ಹಾಗೇ ಇದ್ದವು. ಪಕ್ಕದಲ್ಲಿ ಹದಿಮೂರು ವರ್ಷದ ಮಗಳು. ಅವಳ ಎಡಗಿವಿಗೆ ಹುಟ್ಟಿನಿಂದ ಏನೂ ಕೇಳಿಸದು. ಬಲಗಿವಿಗೆ ಮಶೀನು ಹಾಕಿದರೆ ಕೇಳಿಸುತ್ತದೆ. ಎಡಗಡೆ ಕೂದಲು ಭುಜದವರೆಗೂ ಚಂದವಾಗಿ ಇಳಿದಿತ್ತು. ಬಲಗಡೆ ಇಲಿ ಮೇಯ್ದ ಹಾಗಿತ್ತು, ಕಿವಿಯ ಹಿಂದಿನ ಮಶೀನು ಎದ್ದು ಕಾಣುತ್ತಿತ್ತು. ಮೇಡಂ ಆರಿಸಿ ಕೊಟ್ಟಿದ್ದ ಕಾದಂಬರಿಯನ್ನು ಓದಿ ಮುಗಿಸಿ, ಹಿಂದಿನ ದಿನವಷ್ಟೇ ಅವಳು ಅಡುಗೆಮನೆಯ ಕತ್ತರಿಯಿಂದ ಈ ಕೆಲಸ ಮಾಡಿಕೊಂಡಿದ್ದಳು.

ಅಪ್ಪ: ಹತ್ತು ವರ್ಷ ಮೇಡಂ. ಆ ಕೂದಲು ಕಿವಿ ಮೇಲೆ ಹೇಗೆ ಬೀಳಬೇಕು ಅಂತ ಹತ್ತು ವರ್ಷ ತಲೆ ಕೆಡಿಸ್ಕೊಂಡಿದ್ದೀನಿ. ಗಾಳಿ ಬೀಸಿದ್ರೂ ಮಶೀನು ಕಾಣ್ತಿರಲಿಲ್ಲ. ಅಂಥ ಕೆಲಸ ನನ್ನ ಕೈಯಿಂದ ಇನ್ನೊಂದು ಆಗಿಲ್ಲ. ನಿಮ್ಮ ಪುಸ್ತಕ ಅದನ್ನ ಒಂದು ಸಂಜೆಲಿ ಮುಗಿಸ್ತು.

ಮೇಡಂ: ಅದನ್ನ ಹಾಳಾಯ್ತು ಅಂತ ಯಾಕೆ ನೋಡ್ತೀರಿ? ಕಾದಂಬರಿ ಓದೋ ಮಕ್ಕಳು ತಮ್ಮ ಗುರುತು ಏನು ಅಂತ ಹುಡುಕೋಕೆ ಶುರು ಮಾಡ್ತಾರೆ.

ಅಪ್ಪ: ಹುಡುಕೋದೇನಿದೆ? ಎಡ ಭುಜದ ಮೇಲೆ ಕಪ್ಪು ಮಚ್ಚೆ. ಶಾಲೆಗೆ ಸೇರಿಸುವಾಗ ಅರ್ಜಿಯಲ್ಲೇ ಬರೆದಿದ್ದೀನಿ.

ಮೇಡಂ: ಆ ಗುರುತಲ್ಲ. ತಾನು ಯಾರು ಅನ್ನೋದು.

ಅಪ್ಪ: ಯಾರು ಅಂದ್ರೆ? ನನ್ನ ಮಗಳು. ಅದರಲ್ಲಿ ಅನುಮಾನ ಬರೋ ಹಾಗೆ ಏನಾದ್ರೂ ಬರೆದಿದ್ದಾನಾ ಆ ಪುಣ್ಯಾತ್ಮ?

ಮೇಡಂ: ಹಾಗಲ್ಲ ಇವರೇ. ಭಿನ್ನತೆ ಅಂದ್ರೆ ಏನು ಅಂತ ಮಕ್ಕಳಿಗೆ ಅರ್ಥ ಆಗುತ್ತೆ.

ಅಪ್ಪ: ಎಲ್ಲಿ ಅರ್ಥ ಆಗಿದೆ? ಭಿನ್ನರಾಶೀಲಿ ಇಪ್ಪತ್ತೈದಕ್ಕೆ ಹನ್ನೊಂದು ಬಂದಿದೆ. ಅದಕ್ಕೂ ಈ ಕಾದಂಬರಿಗಳೇ ಕಾರಣ ಅಂತ ನನಗೆ ಗುಮಾನಿ.

ಮೇಡಂ: ನಾನು ಗಣಿತದ ಮಾತಾಡ್ತಿಲ್ಲ. ಒಬ್ಬರ ಹಾಗೆ ಇನ್ನೊಬ್ಬರು ಇರಲ್ಲ ಅಂತ ಹೇಳ್ತಿದ್ದೀನಿ. ಇರೋದನ್ನ ಮುಚ್ಚಿಡಬಾರದು. ಹೆಮ್ಮೆಯಿಂದ ತೋರಿಸ್ಕೋಬೇಕು.

ಅವನು ಮೇಡಂ ತಲೆಯನ್ನೇ ನೋಡಿದ. ಗಿರಾಕಿ ಬಾಗಿಲಲ್ಲಿ ಕಾಲಿಡುವಾಗ ನೋಡುತ್ತಾನಲ್ಲ, ಆ ನೋಟ.

ಅಪ್ಪ: ಬಣ್ಣ ಹಚ್ಚಿ ಎಷ್ಟು ದಿನ ಆಯ್ತು ಮೇಡಂ?

ಮೇಡಂ: ಯಾವ ಬಣ್ಣ?

ಅಪ್ಪ: ಬೈತಲೆ ಹತ್ರ ಅರ್ಧ ಬೆರಳಗಲ ಬೆಳ್ಳಗಾಗಿದೆ. ಮೂರು ವಾರ ಆಗಿರಬೇಕು. ಮಿಕ್ಕ ಕಡೆ ಹೆಮ್ಮೆ ಯಾಕೆ ಕಾಣ್ತಿಲ್ಲ ಅಂತ ಕೇಳ್ದೆ.

ಮೇಡಂ: ಅದು ನನ್ನ ಸ್ವಂತ ವಿಷಯ.

ಅಪ್ಪ: ಇವಳ ಕಿವೀನೂ ಸರ್ಕಾರದ್ದಲ್ಲ.

ಮೇಡಂ ಕನ್ನಡಕವನ್ನು ಮೂಗಿನ ಮೇಲಿಂದ ತಲೆಗೆ ಏರಿಸಿ ಬೈತಲೆಯನ್ನು ಆದಷ್ಟು ಮರೆಮಾಡಿಕೊಂಡರು. ಈಗ ಎದುರಿಗಿದ್ದವರ ಮುಖ ಸರಿಯಾಗಿ ಕಾಣದಿದ್ದರೂ ಮಾತು ನಿಲ್ಲಿಸಲಿಲ್ಲ.

ಮೇಡಂ: ಕತೆ ಏನು ಅಂತಾದ್ರೂ ಕೇಳಿ. ಒಂದು ಕಾಲು ಗಿಡ್ಡ ಇರೋ ಹುಡುಗಿ. ಎಲ್ಲರೂ ಅವಳನ್ನ ಆಡ್ಕೋತಾರೆ. ಅವಳು ತನ್ನ ಒಳ್ಳೆತನದಿಂದ ಎಲ್ಲರ ಮನಸ್ಸು ಗೆಲ್ತಾಳೆ. ನಿಮ್ಮ ಮಗಳು ಅವಳಲ್ಲಿ ತನ್ನನ್ನೇ ಕಂಡಿದ್ದಾಳೆ.

ಅಪ್ಪ: ಇವಳ ಕಾಲು ಎರಡೂ ಸಮ ಇವೆ.

ಮೇಡಂ: ಕಾಲಿನ ಮಾತಲ್ಲ, ಮನಸ್ಸಿನ ಮಾತು. ಬೇಕಿದ್ರೆ ಅವಳನ್ನೇ ಕೇಳಿ. ಹೇಳು ಪುಟ್ಟ, ನಾಯಕಿಯಲ್ಲಿ ನಿನ್ನನ್ನ ಕಂಡೆಯಲ್ವಾ?

ಮಗಳು: ನನಗೆ ಅವಳನ್ನ ಕಂಡ್ರೇ ಆಗಲ್ಲ ಮಿಸ್.

ಅಪ್ಪ ಮತ್ತು ಮೇಡಂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆ ಸಂಜೆ ಅವರಿಬ್ಬರೂ ಮೊದಲ ಬಾರಿಗೆ ಒಂದೇ ಕಡೆ ಇದ್ದರು.

ಮಗಳು: ಇನ್ನೂರ ಹತ್ತು ಪುಟದಲ್ಲಿ ಒಂದು ಸುಳ್ಳು ಹೇಳಲ್ಲ. ಯಾರಿಗೂ ತಿರುಗಿ ಬೈಯಲ್ಲ. ಅವಳ ಊರುಗೋಲು ಮುರಿದು ಹಾಕಿದ್ನಲ್ಲ, ಅವನಿಗೇ ಪರೀಕ್ಷೆಗೆ ನೋಟ್ಸ್ ಬರೆದುಕೊಡ್ತಾಳೆ. ನಾನಾಗಿದ್ರೆ ಮುರಿದ ತುಂಡಲ್ಲೇ ಅವನಿಗೆ ಬಾರಿಸ್ತಿದ್ದೆ.

ಅಪ್ಪ: ಇವಳು ಥೇಟ್ ನಮ್ಮಮ್ಮ.

ಮೇಡಂ: ಅವಳು ಕ್ಷಮಿಸಿದ್ದಕ್ಕೇ ಎಲ್ಲರೂ ಬದಲಾಗಿದ್ದು.

ಮಗಳು: ಅವರೆಲ್ಲ ಬದಲಾದ್ರು, ಸರಿ. ಅವಳಿಗೇನು ಸಿಕ್ತು? ಕೊನೇ ಪುಟದಲ್ಲಿ ಚಪ್ಪಾಳೆ. ನಾನೂ ಅವಳ ಥರ ಇರೋಣ ಅಂತ ಮೂರು ದಿನ ಯಾರಿಗೂ ಏನೂ ಅನ್ನಲಿಲ್ಲ ಮಿಸ್. ಹೊಟ್ಟೆನೋವು ಬಂತು.

ಅಪ್ಪ: ಹೌದು ಮೇಡಂ, ಮೂರು ದಿನ ಎಲ್ಲಿಲ್ಲದ ವಿನಯ. ಜ್ವರ ಇರಬೇಕು ಅಂತ ನಾನು ಹಣೆ ಮುಟ್ಟಿ ನೋಡ್ದೆ.

ಮೇಡಂ: ಹಾಗಾದ್ರೆ ಕೂದಲು ಯಾಕೆ ಕತ್ತರಿಸ್ಕೊಂಡೆ?

ಮಗಳು: ಕ್ಲಾಸಲ್ಲಿ ಹೊಸ ಹುಡುಗಿ ನನ್ನ ಎಡಗಡೆ ಕೂತಿದ್ಲು. ಎರಡು ವಾರ ಏನೇನೋ ಪಿಸುಗುಟ್ಟಿದ್ಲಂತೆ. ನನಗೆ ಕೇಳಿಸ್ಲಿಲ್ಲ. ಈಗ ಬೇರೆ ಬೆಂಚಿಗೆ ಹೋಗಿ, ನನಗೆ ಜಂಬ ಅಂತ ಎಲ್ಲರ ಹತ್ರ ಹೇಳ್ಕೊಂಡು ಬರ್ತಿದ್ದಾಳೆ.

ಅಪ್ಪ: ನಿನಗೆ ಜಂಬ ಇದೆಯಲ್ಲ.

ಮಗಳು: ಇದೆ. ಅದು ಚಿತ್ರ ಚೆನ್ನಾಗಿ ಬರೀತೀನಿ ಅಂತ. ಕಿವಿ ಕೇಳಿಸದೇ ಇರೋದು ಬೇರೆ. ಎರಡನ್ನೂ ಸೇರಿಸಿ ಕಲಸಿಬಿಟ್ರೆ ಹೇಗೆ? ಮಶೀನು ಕಂಡಿದ್ರೆ ಅವಳು ಈ ಬಲಗಡೆ ಬಂದು ಕೂತಿರೋಳು. ನಿನ್ನ ಕಟಿಂಗ್ ಅಷ್ಟು ಚೆನ್ನಾಗಿತ್ತು ಅಪ್ಪ. ಯಾರಿಗೂ ಗೊತ್ತೇ ಆಗ್ಲಿಲ್ಲ.

ಕೆಲಸವನ್ನು ಹೊಗಳಿದರೆ ಅವನು ಸಾಮಾನ್ಯವಾಗಿ ಎರಡು ಮಾತು ಸೇರಿಸಿಯೇ ಸೇರಿಸುತ್ತಿದ್ದ. ಈ ಸಲ ಜೇಬಿನಿಂದ ಬಾಚಣಿಗೆ ತೆಗೆದು, ಮತ್ತೆ ಜೇಬಿಗೇ ಇಟ್ಟ.

ಮೇಡಂ: ನೋಡಿದ್ರಾ? ಮಕ್ಕಳನ್ನ ಮಕ್ಕಳಾಗಿ ನೋಡದೇ ಬರೀ ಕಿವಿ ನೋಡಿದ್ರೆ ಹೀಗೇ ಆಗೋದು.

ಮಗಳು: ಮಿಸ್, ನಿಮ್ಮನ್ನೂ ಒಂದು ಕೇಳಬೇಕು. ನನ್ನ ಗೆಳತಿಗೆ ಪತ್ತೇದಾರಿ ಕಾದಂಬರಿ ಕೊಟ್ರಿ. ನಾನೂ ಅದನ್ನೇ ಕೇಳಿದ್ದೆ. ನನಗೆ ಮಾತ್ರ ಇದನ್ನ ಯಾಕೆ ಕೊಟ್ರಿ?

ಮೇಡಂ: ಅದು... ನಿನಗೆ ಉಪಯೋಗ ಆಗ್ಲಿ ಅಂತ.

ಮಗಳು: ನನಗೆ ಕೊಲೆ ಬೇಕಿತ್ತು ಮಿಸ್.

ಮೇಡಂ ಮೇಜಿನ ಮೇಲಿದ್ದ ರಬ್ಬರ್ ಸ್ಟಾಂಪನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ ಎದ್ದು, ಕನ್ನಡಕ ಕೆಳಗಿಳಿಸಿ, ಮೇಲಿನ ಸಾಲಿನಿಂದ ದಪ್ಪನೆಯ ಪುಸ್ತಕವೊಂದನ್ನು ತೆಗೆದು ಅವಳ ಕೈಗಿತ್ತರು.

ಮೇಡಂ: ಎರಡು ಕೊಲೆ ಇವೆ. ಸಾಕಾ?

ಮಗಳು: ಸದ್ಯಕ್ಕೆ ಸಾಕು.

ಅಪ್ಪ: ಆ ಕುರ್ಚಿ ಈ ಕಡೆ ಎಳಿ. ಇಂಥ ತಲೆ ಹೊತ್ಕೊಂಡು ನಮ್ಮ ಅಂಗಡಿ ಮುಂದೆ ಓಡಾಡಿದ್ರೆ ಒಬ್ಬ ಗಿರಾಕಿ ಒಳಗೆ ಬರಲ್ಲ. ಎರಡು ಕಡೇನೂ ಸಮ ಮಾಡ್ತೀನಿ. ಕಿವಿ ಕಾಣೋ ಹಾಗೆ.

ಮೇಡಂ: ಇಲ್ಲೇನಾ? ಇದು ಗ್ರಂಥಾಲಯ ಕಣ್ರೀ.

ಅಪ್ಪ: ಸದ್ದು ಮಾಡದೇ ಕತ್ತರಿಸ್ತೀನಿ.

ಕನ್ನಡಿ ಇಲ್ಲದೆ ಕೈ ಓಡುವುದಿಲ್ಲವೆಂದು ಅವನು ಕುರ್ಚಿಯನ್ನು ಕಪಾಟಿನ ಗಾಜಿನ ಬಾಗಿಲಿಗೆ ಎದುರಾಗಿ ಹಾಕಿದ. ನೆಲಕ್ಕೆ ಹಳೆಯ ಪತ್ರಿಕೆ ಹಾಸಿದ. ಒಳಗೆ ಕೂದಲು ಹೋಗಬಾರದೆಂದು ಮಗಳು ಮಶೀನು ತೆಗೆದು ಮೇಜಿನ ಮೇಲಿಟ್ಟಳು. ಇನ್ನು ಅವಳಿಗೆ ಏನೂ ಕೇಳಿಸದು. ನಾಲ್ಕು ಸಲ ಕತ್ತರಿ ಆಡಿಸಿದ ಮೇಲೆ ಅವನು ಮೇಡಂ ಕಡೆ ತಿರುಗದೆಯೇ ಮಾತಾಡಿದ.

ಅಪ್ಪ: ಇವಳಿಗೆ ಆಗ ಮೂರು ವರ್ಷ ಮೇಡಂ. ಮಶೀನು ಹಾಕಿಸಿ ಮೊದಲು ಅಂಗಡಿಗೇ ಕರ್ಕೊಂಡು ಬಂದೆ, ಖುಷಿಗೆ. ಗಿರಾಕಿ ಒಬ್ಬ ನೋಡಿ ‘ಅಯ್ಯೋ ಪಾಪ’ ಅಂದ. ಇವಳಿಗೆ ಅದೇ ಹೊಸ ಮಾತು. ಒಂದು ವಾರ ಮನೆಯೆಲ್ಲ ಅದೇ. ಬಕೆಟ್ಟಿಗೂ ಅಯ್ಯೋ ಪಾಪ, ಚಪ್ಪಲಿಗೂ ಅಯ್ಯೋ ಪಾಪ. ಮನೇಲಿ ಎಲ್ಲರೂ ಬಿದ್ದು ಬಿದ್ದು ನಕ್ರು. ನನಗೆ ನಗೋಕಾಗ್ಲಿಲ್ಲ. ಅವತ್ತಿಂದಲೇ ಈ ಕೂದಲು ಬಿಡೋಕೆ ಶುರು ಮಾಡಿದ್ದು.

ಮೇಡಂ: (ಮೆಲ್ಲಗೆ) ಇವಳಿಗೆ ಹೇಳಿದ್ದೀರಾ ಇದನ್ನ?

ಅಪ್ಪ: ಏನಂತ ಹೇಳಲಿ? ಯಾರು ಏನಂದ್ರೂ ಇವಳು ತಡ್ಕೊತಾಳೆ. ತಡ್ಕೊಳ್ಳೋಕಾಗದೇ ಇರೋನು ನಾನು.

ಅವನು ಎರಡೂ ಕಡೆ ಸಮ ಮಾಡಿ, ಕುತ್ತಿಗೆಯ ಹಿಂದೆ ಬಿದ್ದ ಚೂರು ಕೂದಲನ್ನು ಕೊಡವಿ, ಮಶೀನನ್ನು ಅಂಗಿಯ ತುದಿಯಲ್ಲಿ ಒರೆಸಿ ಕೊಟ್ಟ. ಮಗಳು ಅದನ್ನು ಕಿವಿಗೆ ಹಾಕಿಕೊಂಡು ಗಾಜಿನಲ್ಲಿ ಆ ಕಡೆ ಈ ಕಡೆ ತಿರುಗಿ ನೋಡಿಕೊಂಡಳು.

ಮಗಳು: ಆ ‘ಅಯ್ಯೋ ಪಾಪ’ ಗಿರಾಕಿ ಈಗಲೂ ಬರ್ತಾನಾ ಅಪ್ಪ?

ಅಪ್ಪ: ನಿನಗೆ... ನಿನಗೆ ಹೇಗೆ ಗೊತ್ತು?

ಮಗಳು: ನೀನೇ ತಾನೆ ಗಾಜಿನ ಮುಂದೆ ಕೂರಿಸಿದ್ದು. ತುಟಿ ನೋಡ್ತಿದ್ದೆ.

ಅಪ್ಪ: ಎಲ್ಲಾ ಗೊತ್ತಾಯ್ತಾ?

ಮಗಳು: ಕೊನೇದೊಂದು ಮಾತು ಗೊತ್ತಾಗ್ಲಿಲ್ಲ. ಮೀಸೆ ಅಡ್ಡ ಬಂತು. ಅದನ್ನೂ ಸ್ವಲ್ಪ ಕತ್ತರಿಸ್ಕೊಂಡು ಇನ್ನೊಂದ್ಸಲ ಹೇಳು.