ಬಾಗಿಲ ಪಕ್ಕ ಇಪ್ಪತ್ತಾರು ಡಿಗ್ರಿ

ಬಿಸಿ ಗಾಳಿ ಮೇಲೇರುತ್ತದೆ, ತಂಪು ಗಾಳಿ ಕೆಳಗಿಳಿಯುತ್ತದೆ. ಪ್ರತಿ ಬೇಸಿಗೆಯಲ್ಲೂ ನಮ್ಮ ಪತ್ರಿಕೆಯಲ್ಲಿ ಇದನ್ನು ವಿವರಿಸಿ ಬರೆಯುವವನು ನಾನೇ. ಆದ್ದರಿಂದ ಕೆಂಚಾರ್ಲಹಳ್ಳಿಯ ಅಕ್ಕ ತನ್ನ ರೇಷ್ಮೆ ಹುಳುವಿನ ಮನೆಯನ್ನು ಒಂದು ಹಗಲು ನೋಡಿಕೊಳ್ಳಲು ಕೇಳಿದಾಗ, ಈ ಕೆಲಸಕ್ಕೆ ನನಗಿಂತ ಅರ್ಹರು ಚಿಂತಾಮಣಿ ತಾಲ್ಲೂಕಿನಲ್ಲೇ ಇಲ್ಲ ಎಂದುಕೊಂಡೆ.

ಅದು ತಗಡಿನ ಚಾವಣಿಯ ಹೊಸ ಮನೆ. ಅಕ್ಕ ಹಟ ಹಿಡಿದು ಕಟ್ಟಿಸಿದ್ದು. "ತಗಡಿನ ಕೆಳಗೆ ಹುಳ ಆಗಲ್ಲ. ಈ ಬೆಳೆ ಕೆಟ್ರೆ ಅಲ್ಲಿ ಹಸು ಕಟ್ತೀನಿ" ಎಂದು ಭಾವ ಮೊದಲೇ ಹೇಳಿಬಿಟ್ಟಿದ್ದರು. ಭಾವ ಯಾರ ಮಾತನ್ನೂ ನಂಬುವವರಲ್ಲ. ಪತ್ರಿಕೆಯವರ ಮಾತನ್ನಂತೂ ಕೇಳಲೇಬೇಡಿ.

ಅದು ಮೊದಲ ಬೆಳೆ. ಹುಳುಗಳು ಬೆರಳುದ್ದ ಬೆಳೆದಿದ್ದವು. ಇನ್ನು ನಾಲ್ಕು ದಿನ ಸೊಪ್ಪು ತಿಂದರೆ ಗೂಡು ಕಟ್ಟುತ್ತಿದ್ದವು.

ಗಂಡ ಹೆಂಡತಿ ಇಬ್ಬರೂ ಗೌರಿಬಿದನೂರಿಗೆ ನಿಶ್ಚಿತಾರ್ಥಕ್ಕೆ ಹೊರಟರು. "ಸೊಪ್ಪು ಹಾಕಿದ್ದೀನಿ. ಕಿಟಕಿ ಮುಚ್ಬೇಡ ಕಣೋ. ಥರ್ಮಾಮೀಟರ್ ನೋಡ್ತಿರು. ಇಪ್ಪತ್ತೆಂಟು ದಾಟಿದ್ರೆ ತಗಡಿನ ಮೇಲೆ ನೀರು ಬಿಟ್ಟು ನಂಗೆ ಫೋನ್ ಮಾಡು, ಬಂದ್ಬಿಡ್ತೀನಿ" ಎಂದಳು ಅಕ್ಕ.

ಹುಳುಗಳಿದ್ದ ಸ್ಟ್ಯಾಂಡಿಗೆ ಮೂರು ಅಂತಸ್ತು. ಥರ್ಮಾಮೀಟರು ತೂಗುತ್ತಿದ್ದುದು ಮೂರನೆಯದರ ಪಕ್ಕ, ತಗಡಿಗೆ ಹತ್ತಿರ. ಓದಲು ಸ್ಟೂಲು ಹತ್ತಬೇಕು. ಸ್ಟೂಲು ಅಲ್ಲಾಡುತ್ತಿತ್ತು. ಓದುಗರ ಅನುಕೂಲಕ್ಕಾಗಿ, ಅಂದರೆ ನನ್ನ ಅನುಕೂಲಕ್ಕಾಗಿ, ಅದನ್ನು ಬಾಗಿಲ ಪಕ್ಕ, ನೀರಿನ ತೊಟ್ಟಿಯ ಮೇಲಿನ ಮೊಳೆಗೆ ಸ್ಥಳಾಂತರಿಸಲಾಯಿತು!

ಹೊರಗೆ ಬಿಸಿ ಗಾಳಿ ಎದ್ದಿತು. ಅದು ಒಳಗೆ ಬರಬಾರದೆಂದು ಕಿಟಕಿಗಳನ್ನೆಲ್ಲ ಮುಚ್ಚಿದೆ. ತಗಡಿನಡಿಯ ಗವಾಕ್ಷಿಗಳಿಗೂ ಗೋಣಿ ತುರುಕಿದೆ.

ಪಕ್ಕದ ತೋಟದ ಗಂಗುಲಮ್ಮ ಬಂದು ನಿಂತರು. "ಏಮಪ್ಪಾ, ಗೂಡು ಕಟ್ಟಿದ ಮೇಲಲ್ವಾ ಬೇಯಿಸೋದು? ಈಗಲೇ ಬೇಯಿಸ್ತಿದ್ದೀಯಲ್ಲ!"

"ಇದು ವೈಜ್ಞಾನಿಕ ವಿಧಾನ, ಗಂಗುಲಮ್ಮ."

"ಹಂಗಾದ್ರೆ ಸರಿ ಬಿಡಪ್ಪ" ಎಂದು ಅವರು ಹೋದರು.

ಅರ್ಧ ಗಂಟೆಗೊಮ್ಮೆ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಇಪ್ಪತ್ತಾರು. ಇಪ್ಪತ್ತಾರು. ಇಪ್ಪತ್ತಾರೂವರೆ. ನೀರು ಬಿಡುವ ಪ್ರಸಂಗವೇ ಬರಲಿಲ್ಲ. ಮಧ್ಯಾಹ್ನ ಅಕ್ಕನ ಫೋನ್ ಬಂತು.

"ಎಷ್ಟಿದೆ ಕಣೋ?"

"ಇಪ್ಪತ್ತಾರು."

"ನಿಜವಾಗ್ಲೂ? ಇಲ್ಲಿ ಬೆಂಕಿ ಸುರೀತಿದೆ."

"ನಿಧಾನಕ್ಕೆ ಊಟ ಮಾಡ್ಕೊಂಡು ಬಾ ಅಕ್ಕ."

ಅವಳು ನಿಧಾನಕ್ಕೇ ಊಟ ಮಾಡಿದಳು.

ಎರಡು ಗಂಟೆಯ ಹೊತ್ತಿಗೆ, ಹುಳುಗಳು ಸೊಪ್ಪು ಮೇಯುವ ಸರಸರ ಸದ್ದು ನಿಂತಿತು. ನಾನು ದಾಖಲಿಸಿದೆ: 'ಪರಿಸ್ಥಿತಿ ಶಾಂತವಾಗಿದೆ.'

ಸಂಜೆ ಅಕ್ಕ ಬಂದವಳು ಬಾಗಿಲಲ್ಲೇ ಮೂಗು ಮುಚ್ಚಿಕೊಂಡಳು. ಸ್ಟೂಲು ಹತ್ತಿದಳು. ಕೈ ಚಾಚಿ ಥರ್ಮಾಮೀಟರು ಕೇಳಿ, ಮೇಲೆ ಹಿಡಿದಳು. ಅದು ಮೂವತ್ತೊಂಬತ್ತಕ್ಕೆ ಏರಿ ನಿಂತಿತು. ಮೇಲಿನ ಅಂತಸ್ತಿನಲ್ಲಿ ಒಂದು ಹುಳುವೂ ಅಲುಗಲಿಲ್ಲ. ಬಿಸಿ ಗಾಳಿ ಮೇಲೇರುತ್ತದೆ! ಕೆಳಗಿನ ಎರಡು ಅಂತಸ್ತುಗಳ ಹುಳುಗಳು ಇನ್ನೆರಡು ದಿನ ಬದುಕಿದ್ದವು, ಸೊಪ್ಪು ಮುಟ್ಟದೆ.

ಮೂರನೆಯ ದಿನ ಭಾವ ಹಸು ಕಟ್ಟುವ ಹಗ್ಗ ಹಿಡಿದು ಬಂದರು. ನಾನು ಅಡ್ಡ ನಿಂತೆ. "ಭಾವ, ತಪ್ಪು ಮನೇದಲ್ಲ, ನಂದು. ಕಿಟಕಿ ಮುಚ್ಚಿದ್ದು ನಾನು, ಥರ್ಮಾಮೀಟರ್ ಇಳಿಸಿದ್ದೂ ನಾನು."

"ಸುಮ್ನಿರಪ್ಪ, ಅಕ್ಕನ್ನ ಉಳಿಸೋಕೆ ಸುಳ್ಳು ಹೇಳ್ಬೇಡ." ಭಾವ ನನ್ನ ನೋಟ್‌ಬುಕ್ಕು ತೆರೆದು ಬೆರಳಿಟ್ಟು ತೋರಿಸಿದರು. "ನೀನೇ ಬರೆದಿದ್ದೀಯಲ್ಲ, ಬೆಳಗಿಂದ ಸಂಜೆವರೆಗೂ ಇಪ್ಪತ್ತಾರು! ಅಷ್ಟು ತಂಪಿದ್ರೂ ಸತ್ತಿವೆ ಅಂದ್ರೆ, ಇದು ತಗಡಿನ ದೋಷ ಅಲ್ದೆ ಇನ್ನೇನು?"

ಅಕ್ಕ ನನ್ನ ಕಡೆ ನೋಡಲಿಲ್ಲ. ಸ್ಟ್ಯಾಂಡು ಬಿಚ್ಚಿ ಹೊರಗೆ ಇಡತೊಡಗಿದಳು.

ಈಗ ಅಲ್ಲಿ ಎರಡು ಹಸುಗಳಿವೆ. ಇಷ್ಟು ವರ್ಷಗಳ ವೃತ್ತಿಯಲ್ಲಿ ನನ್ನ ಬರಹವನ್ನು ಅಕ್ಷರಶಃ ನಂಬಿದ ಓದುಗರು ಒಬ್ಬರೇ. ಅವರು ನಮ್ಮ ಭಾವ.